ವೀಸಾ ಬೇಡ, ನಿಜ. ಹಾಗಂತ ಸುಮ್ಮನೆ ಹೊರಡಬೇಡಿ: ನೇಪಾಳ ಪ್ರವಾಸದ ಪ್ರಶ್ನೋತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಓದುಗರು ನೇಪಾಳದ ಬಗ್ಗೆ ಕೇಳಿರುವ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಾಶಿಗೆ ಹೋದಷ್ಟೇ ಸಲೀಸು ಅಂದುಕೊಂಡು ಹೊರಟವರೇ ಅಲ್ಲಿ ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಪ್ಲಗ್ಗು ನಮ್ಮದೇ, ರೂಪಾಯಿ ಅನ್ನುವ ಹೆಸರೂ ನಮ್ಮದೇ, ಹಿಂದಿ ಬಹಳ ಜನರಿಗೆ ಅರ್ಥವಾಗುತ್ತದೆ. ಆದರೂ ಅದು ಬೇರೆ ದೇಶ.

ಪ್ರಶ್ನೆ: ನಾವು ಮನೆಮಂದಿ ಆರು ಜನ ವಿಮಾನದಲ್ಲಿ ಕಾಠ್ಮಂಡುವಿಗೆ ಹೋಗಬೇಕೆಂದಿದ್ದೇವೆ. ಅಪ್ಪನಿಗೆ 71, ಅಮ್ಮನಿಗೆ 66, ಮಗನಿಗೆ 16, ಮಗಳಿಗೆ 12. ಎಲ್ಲರ ಹತ್ತಿರವೂ ಆಧಾರ್ ಇದೆ. ಸಾಕಾಗುತ್ತದೆಯೇ? (ಗೌರಿಬಿದನೂರಿನಿಂದ)

ನಿಮ್ಮ ಆರು ಜನರಲ್ಲಿ ಮೂವರಿಗೆ ಸಾಕು, ಮೂವರಿಗೆ ಸಾಲದು. ವಿಮಾನದಲ್ಲಿ ನೇಪಾಳಕ್ಕೆ ಹೋಗುವ ಭಾರತೀಯರ ಬಳಿ ಪಾಸ್‌ಪೋರ್ಟ್ ಇರಬೇಕು, ಇಲ್ಲವೇ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ ಇರಬೇಕು. 65 ದಾಟಿದವರಿಗೆ ಮತ್ತು 15ಕ್ಕಿಂತ ಚಿಕ್ಕವರಿಗೆ ಮಾತ್ರ ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್‌ನಂಥ ಫೋಟೊ ಇರುವ ದಾಖಲೆ ನಡೆಯುತ್ತದೆ. ಹಾಗಾಗಿ ಅಪ್ಪ, ಅಮ್ಮ, ಮಗಳು ಆಧಾರ್‌ನಲ್ಲಿ ಹೋಗಬಹುದು. ನೀವಿಬ್ಬರು ವೋಟರ್ ಐಡಿ ತೆಗೆದುಕೊಳ್ಳಿ. ತೊಡಕಾಗುವುದು 16ರ ಮಗನದು: ವೋಟು ಹಾಕುವ ವಯಸ್ಸಾಗಿಲ್ಲ, ಆಧಾರ್ ನಡೆಯುವ ವಯಸ್ಸು ದಾಟಿದೆ. 15ರಿಂದ 18ರವರಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪ್ರಮಾಣಪತ್ರ ಸಾಕೆಂದು ನಿಯಮವಿದೆ. ಕುಟುಂಬ ಒಟ್ಟಿಗೆ ಹೋಗುವಾಗ ಸಂಬಂಧ ತೋರಿಸುವ ದಾಖಲೆಗಳಿಗೂ ಒಂದಿಷ್ಟು ರಿಯಾಯಿತಿ ಇದೆ. ಆದರೆ ಬೆಳಗಿನ ಜಾವ ಕೌಂಟರಿನಲ್ಲಿ ನಿಂತು ನಿಯಮ ವಿವರಿಸುವ ಕಷ್ಟ ಬೇಡ ಅನ್ನುವುದಾದರೆ ಹುಡುಗನಿಗೆ ಪಾಸ್‌ಪೋರ್ಟ್ ಮಾಡಿಸಿಬಿಡಿ. ಹೇಗೂ ಮುಂದೆ ಬೇಕಾಗುತ್ತದೆ.

ಜನ ಸಿಕ್ಕಿಬೀಳುವುದು ದೇವನಹಳ್ಳಿಯಲ್ಲಲ್ಲ, ದೆಹಲಿಯಲ್ಲಿ. ಬೆಂಗಳೂರಿನಿಂದ ದೆಹಲಿಯವರೆಗೆ ದೇಶದೊಳಗಿನ ಹಾರಾಟ, ಅಲ್ಲಿಗೆ ಆಧಾರ್ ತೋರಿಸಿ ಆರಾಮಾಗಿ ಹೋಗಿರುತ್ತಾರೆ. ಕಾಠ್ಮಂಡು ವಿಮಾನದ ಕೌಂಟರಿಗೆ ಬಂದಾಗ ಬಾಗಿಲು ಮುಚ್ಚುತ್ತದೆ. ಆಮೇಲೆ ಊರಿಂದ ವೋಟರ್ ಐಡಿಯ ಫೋಟೊ ವಾಟ್ಸ್ಆ್ಯಪ್‌ನಲ್ಲಿ ತರಿಸಿದರೂ ಪ್ರಯೋಜನವಿಲ್ಲ. ಮೂಲ ಕಾರ್ಡೇ ಕೈಯಲ್ಲಿರಬೇಕು.

ಇನ್ನೊಂದು, ಹೆಸರು. ನಮ್ಮ ಕಡೆ ವೋಟರ್ ಐಡಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಮನೆಯಲ್ಲಿ ಕರೆಯುವುದು ಮತ್ತೊಂದು. ಟಿಕೆಟ್ ಮಾಡಿಸುವ ಮೊದಲು ಒಯ್ಯುವ ದಾಖಲೆಯನ್ನು ಮುಂದಿಟ್ಟುಕೊಂಡು, ಅದರಲ್ಲಿರುವ ಇಂಗ್ಲಿಷ್ ಕಾಗುಣಿತವನ್ನೇ ಅಕ್ಷರಕ್ಕೆ ಅಕ್ಷರ ನಕಲು ಮಾಡಿ. ಇನಿಷಿಯಲ್ ಕೂಡ.

ಅಲ್ಲಿ ದಾಖಲೆ ಕಳೆದುಹೋದರೆ ಮೊದಲು ಪೊಲೀಸ್ ದೂರು ಕೊಟ್ಟು, ಅದರ ಪ್ರತಿ ಮತ್ತು ಫೋಟೊ ಹಿಡಿದು ಕಾಠ್ಮಂಡುವಿನ ಲೈನ್‌ಚೌರ್‌ನಲ್ಲಿರುವ ಭಾರತದ ರಾಯಭಾರ ಕಚೇರಿಗೆ ಹೋಗಿ. ವಾಪಸ್ ಬರಲು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಎಲ್ಲರ ದಾಖಲೆಯ ಜೆರಾಕ್ಸ್ ಒಂದು ಸೆಟ್ ಬೇರೆ ಬ್ಯಾಗಿನಲ್ಲಿದ್ದರೆ ಈ ಕೆಲಸ ಬೇಗ ಮುಗಿಯುತ್ತದೆ.

ಪ್ರಶ್ನೆ: ನಮ್ಮ 500ರ ನೋಟು ಅಲ್ಲಿ ನಡೆಯುತ್ತದೆಯೇ? ಫೋನ್‌ಪೇ ಮಾಡಬಹುದೇ? (ಚಿಂತಾಮಣಿಯಿಂದ)

100ರ ನೋಟು ಒಯ್ಯಿರಿ. 2018ರ ಡಿಸೆಂಬರಿನಲ್ಲಿ ನೇಪಾಳ ಸರ್ಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಈಚೆಗೆ ಆ ನಿಯಮದಲ್ಲಿ ಸಡಿಲಿಕೆಗಳು ಬರುತ್ತಿವೆ, ಹೊರಡುವ ವಾರ ಬ್ಯಾಂಕಿನಲ್ಲಿ ಕೇಳಿ. ಆದರೆ ಸರ್ಕಾರ ಒಪ್ಪುವುದು ಬೇರೆ, ಚಹದಂಗಡಿಯವನು ಒಪ್ಪುವುದು ಬೇರೆ. 100ರ ನೋಟಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಒಂದು ಕಟ್ಟು ಅಂದರೆ 10,000. ಹಳ್ಳಿ ಶಾಖೆಯಲ್ಲಿ ಎರಡು ಮೂರು ಕಟ್ಟು ಒಟ್ಟಿಗೆ ಸಿಗದಿರಬಹುದು, ಒಂದು ವಾರ ಮುಂಚೆಯೇ ಹೇಳಿಡಿ.

ನಮ್ಮ 100 ರೂಪಾಯಿಗೆ ಅವರ 160. 1993ರಿಂದ ಈ ದರ ಹೀಗೇ ಗಟ್ಟಿಯಾಗಿ ನಿಂತಿದೆ. ಲೆಕ್ಕ ಸುಲಭ: ಅವರ ಬೆಲೆಯನ್ನು 5ರಿಂದ ಗುಣಿಸಿ 8ರಿಂದ ಭಾಗಿಸಿ. ಅವರ 800 ನಮ್ಮ 500, ಅವರ 1,000 ನಮ್ಮ 625. ಮೋಸ ಹೋಗುವುದು ದರದಲ್ಲಲ್ಲ, ಮಾತಿನಲ್ಲಿ. ಅಂಗಡಿಯವರು ಭಾರತದ ದುಡ್ಡಿಗೆ 'ಐಸಿ', ನೇಪಾಳದ ದುಡ್ಡಿಗೆ 'ಎನ್‌ಸಿ' ಅನ್ನುತ್ತಾರೆ. ರುದ್ರಾಕ್ಷಿ ಮಾಲೆಗೆ 'ಎಂಟುನೂರು' ಅಂದರೆ ಯಾವ ಎಂಟುನೂರು? ಚೌಕಾಸಿಗೆ ಮುಂಚೆ 'ಐಸಿ ಕಿ ಎನ್‌ಸಿ?' ಎಂದು ಕೇಳಿಬಿಡಿ. ಟ್ಯಾಕ್ಸಿಯಲ್ಲಿ ಹತ್ತುವಾಗಲೂ ಅಷ್ಟೇ. ಇಳಿದ ಮೇಲೆ ಕೇಳಿದರೆ ಉತ್ತರ ಯಾವಾಗಲೂ ಐಸಿಯೇ.

ಯುಪಿಐ ನಡೆಯುತ್ತದೆ, 2024ರ ಮಾರ್ಚಿನಿಂದ. ಆದರೆ ಎಲ್ಲ ಕ್ಯೂಆರ್‌ಗೂ ಅಲ್ಲ. 'ಫೋನ್‌ಪೇ' ಜಾಲದ ಕ್ಯೂಆರ್ ಆಗಿರಬೇಕು. (ಇದು ನಮ್ಮ ಫೋನ್‌ಪೇ ಅಲ್ಲ, ಅದೇ ಉಚ್ಚಾರದ ನೇಪಾಳಿ ಕಂಪನಿ. ಗೊಂದಲವಾದರೆ ನಿಮ್ಮ ತಪ್ಪಲ್ಲ.) ನಿಮ್ಮ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಯುಪಿಐ ಅನ್ನುವ ಆಯ್ಕೆಯನ್ನು ಇಲ್ಲಿರುವಾಗಲೇ ಚಾಲೂ ಮಾಡಿಕೊಳ್ಳಿ. ಕಾಠ್ಮಂಡು, ಪೋಖರಾದ ಹೋಟೆಲುಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಬೆಟ್ಟದ ಮೇಲೆ ಅದನ್ನೇ ನಂಬಬೇಡಿ. ಎಟಿಎಂ ಇದೆ, ಪ್ರತಿ ಸಲವೂ ಶುಲ್ಕ ಕೀಳುತ್ತದೆ. ನಾಲ್ಕು ಸಲ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಂದೇ ಸಲ ತೆಗೆಯಿರಿ. ಉಳಿದ ಎನ್‌ಸಿಯನ್ನು ಅಲ್ಲೇ ಬದಲಾಯಿಸಿಕೊಂಡು ಬನ್ನಿ. ಚಿಂತಾಮಣಿಗೆ ತಂದರೆ ಮಕ್ಕಳ ಆಟಕ್ಕಷ್ಟೇ.

ಪ್ರಶ್ನೆ: ಸಮಯ, ಕರೆಂಟು, ರಜೆ ಇತ್ಯಾದಿ ಚಿಕ್ಕಪುಟ್ಟ ವ್ಯತ್ಯಾಸಗಳೇನು? ದೇಶ ಎಷ್ಟು ದೊಡ್ಡದು? (ಕೋಲಾರದಿಂದ)

ಗಡಿಯಾರ 15 ನಿಮಿಷ ಮುಂದೆ. ಮೊಬೈಲು ತಾನೇ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ. ಬೆಳಗಿನ ಬಸ್ಸು ತಪ್ಪುವುದು ಈ 15 ನಿಮಿಷದಲ್ಲೇ. 230 ವೋಲ್ಟ್, ನಮ್ಮ ಚಾರ್ಜರ್ ಹಾಗೇ ಕೂರುತ್ತದೆ. ವಾಹನ ಎಡಗಡೆ. ವಾರದ ರಜೆ ಶನಿವಾರ, ಆದ್ದರಿಂದ ಕಚೇರಿ ಕೆಲಸ ಇಟ್ಟುಕೊಂಡವರು ಶುಕ್ರವಾರ ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಿ.

ತಾರೀಖಿನ ವಿಷಯದಲ್ಲಿ ಹುಷಾರು. ಅಲ್ಲಿ ಅಧಿಕೃತವಾಗಿ ನಡೆಯುವುದು ವಿಕ್ರಮ ಸಂವತ್. ನಮ್ಮ ಇಸವಿಗಿಂತ ಸುಮಾರು 57 ವರ್ಷ ಮುಂದಿರುತ್ತದೆ, ಹೊಸ ವರ್ಷ ಏಪ್ರಿಲ್ ನಡುವಿನಲ್ಲಿ. 2025ರ ಏಪ್ರಿಲ್ 14ಕ್ಕೆ 2082 ಶುರುವಾಯಿತು. ಬಸ್ ಚೀಟಿಯಲ್ಲಿ ತಾರೀಖು 'ಕಾರ್ತಿಕ 12' ಅಂತ ಇದ್ದರೆ ಅದು ನಮ್ಮ ಪಂಚಾಂಗದ ಕಾರ್ತಿಕ ಮಾಸದ ತಿಥಿ ಅಲ್ಲ, ಅವರ ಸೌರ ತಿಂಗಳ ದಿನ. ಚೀಟಿ ಕೊಡುವವರ ಹತ್ತಿರವೇ ಇಂಗ್ಲಿಷ್ ತಾರೀಖು ಬರೆಸಿಕೊಳ್ಳಿ.

ದೇಶದ ವಿಸ್ತೀರ್ಣ ಸುಮಾರು 1.47 ಲಕ್ಷ ಚದರ ಕಿ.ಮೀ., ಅಂದರೆ ನಮ್ಮ ಕರ್ನಾಟಕಕ್ಕಿಂತ (1.91 ಲಕ್ಷ) ಚಿಕ್ಕದು. ಜನಸಂಖ್ಯೆ 2021ರ ಗಣತಿಯಲ್ಲಿ 2.9 ಕೋಟಿ. 2008ರಲ್ಲಿ ಅರಸೊತ್ತಿಗೆ ಹೋಗಿ ಗಣರಾಜ್ಯವಾಯಿತು. ಈಗ 7 ಪ್ರಾಂತ್ಯ, 77 ಜಿಲ್ಲೆ. ನಕ್ಷೆಯಲ್ಲಿ ಚಿಕ್ಕದಾಗಿ ಕಂಡರೂ ರಸ್ತೆಯಲ್ಲಿ ಹಾಗಲ್ಲ: ಕಾಠ್ಮಂಡುವಿನಿಂದ ಪೋಖರಾ 200 ಕಿ.ಮೀ., ಬಸ್ಸಿನಲ್ಲಿ ಒಂದು ಹಗಲು ಪೂರ್ತಿ ಬೇಕು.

ಪ್ರಶ್ನೆ: ಪಶುಪತಿನಾಥನಿಗೆ ಅರ್ಪಿಸಲು ನಮ್ಮ ತೋಟದ ಉಂಡೆ ಕೊಬ್ಬರಿ ಒಯ್ಯಬೇಕೆಂದಿದ್ದೇವೆ. ವಿಮಾನದಲ್ಲಿ ಬಿಡುತ್ತಾರೆಯೇ? (ತಿಪಟೂರಿನಿಂದ)

ಬಿಡುವುದಿಲ್ಲ. ಒಣ ಕೊಬ್ಬರಿ ವಿಮಾನಯಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಎಣ್ಣೆಯಂಶ ಹೆಚ್ಚಿರುವುದರಿಂದ ಒತ್ತಟ್ಟಿಗೆ ಬಿಗಿಯಾಗಿ ಬಿದ್ದಿದ್ದಾಗ ತಾನೇ ಕಾವು ಏರಿ ಹೊತ್ತಿಕೊಳ್ಳುವ ಸ್ವಭಾವ ಅದಕ್ಕಿದೆ. ಕೊಬ್ಬರಿ ಗೋದಾಮಿನ ಬೆಂಕಿಯ ಬಗ್ಗೆ ತಿಪಟೂರಿನವರಿಗೆ ಬೇರೆ ಹೇಳಬೇಕಿಲ್ಲ. ಲಗೇಜಿನಲ್ಲಿ ಇಟ್ಟರೆ ಸ್ಕ್ಯಾನರ್‌ನಲ್ಲಿ ಕಂಡು ಬ್ಯಾಗ್ ತೆರೆಸುತ್ತಾರೆ. ರೈಲಿನಲ್ಲಿ ಹೋಗುವುದಾದರೆ ವಿಮಾನದ ಈ ನಿಯಮವಿಲ್ಲ: ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲಿದೆ, ಅಲ್ಲಿಂದ ಸುನೌಲಿ ಗಡಿ ನೂರು ಕಿ.ಮೀ.ಯೊಳಗೆ. ವಿಮಾನವಾದರೆ ದೇವಸ್ಥಾನದ ಮುಂದೆಯೇ ತೆಂಗಿನಕಾಯಿ ಕೊಳ್ಳಿ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗಿಗೆ ಹಾಕಿ. ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು: ಕೈಚೀಲದಲ್ಲೇ ಇರಬೇಕು.

ಪ್ರಶ್ನೆ: ಪಶುಪತಿನಾಥನ ಪೂಜೆ ಮಾಡುವವರು ಕನ್ನಡದವರಂತೆ, ನಿಜವೇ? ದರ್ಶನದ ಕ್ರಮ ಹೇಗೆ? (ತುಮಕೂರಿನಿಂದ)

ನಿಜ. ಮೂಲಭಟ್ಟರು ಮತ್ತು ಜತೆಯ ಭಟ್ಟರು ಪರಂಪರೆಯಿಂದ ದಕ್ಷಿಣದವರು, ಹೆಚ್ಚಾಗಿ ಕರ್ನಾಟಕದವರು. ಲಿಂಗ ಮುಟ್ಟಿ ಪೂಜಿಸುವ ಅಧಿಕಾರ ಅವರಿಗೆ ಮಾತ್ರ. ನೇಪಾಳದ ಭಂಡಾರಿಗಳು ಸಹಾಯಕರು.

ಲಿಂಗಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಮುಖ: ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ. ಮೇಲ್ಭಾಗ ಈಶಾನ. ನಾಲ್ಕು ಕಡೆಗೂ ಬಾಗಿಲು. ಜನ ಪಶ್ಚಿಮದ ಹೆಬ್ಬಾಗಿಲಿನಿಂದ ಬಂದು, ದೊಡ್ಡ ನಂದಿಯ ಹಿಂದೆಯೇ ನೂಕಾಡಿ, ಒಂದು ಮುಖ ನೋಡಿ ಹೊರಟುಬಿಡುತ್ತಾರೆ. ಸುತ್ತು ಹಾಕಿ ನಾಲ್ಕೂ ನೋಡಿ. ಬೆಲ್ಟು, ಪರ್ಸು ಸೇರಿ ಚರ್ಮದ್ದು ಯಾವುದೂ ಒಳಗೆ ಬೇಡ. ಅಂಗಳದಲ್ಲಿ ಫೋಟೊ ತೆಗೆಯುವಂತಿಲ್ಲ. ಹಿಂಬದಿಯ ಬಾಗ್ಮತಿ ದಡದಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಮನೆಯ ಹಿರಿಯರು ಮಕ್ಕಳು ಅಂಜುವವರಾದರೆ ಆ ಕಡೆ ಕರೆದೊಯ್ಯಬೇಡಿ.

ತುಮಕೂರಿನ ವೀರಶೈವ ಭಕ್ತರಿಗೆ ಇನ್ನೊಂದು ಜಾಗ: ಭಕ್ತಪುರದ ಪಕ್ಕದ ಡೋಲೇಶ್ವರ ಮಹಾದೇವ. ಕೇದಾರನಾಥನ ಶಿರೋಭಾಗ ಇದೇ ಎಂಬುದು ನಂಬಿಕೆ. ಕೇದಾರದ ರಾವಲರು (ಪ್ರಧಾನ ಅರ್ಚಕರು) ಕರ್ನಾಟಕದ ವೀರಶೈವರೇ; ಅಲ್ಲಿನ ಜಗದ್ಗುರುಗಳು 2009ರಲ್ಲಿ ಇಲ್ಲಿಗೆ ಬಂದು ಇದನ್ನು ಘೋಷಿಸಿದರು. ಪ್ಯಾಕೇಜ್ ಟೂರಿನವರು ಸಾಮಾನ್ಯವಾಗಿ ಇದನ್ನು ಬಿಟ್ಟಿರುತ್ತಾರೆ, ಮೊದಲೇ ಹೇಳಿ ಸೇರಿಸಿಕೊಳ್ಳಿ.

ಪ್ರಶ್ನೆ: 68 ವರ್ಷದ ಅತ್ತೆಯವರಿಗೆ ಮುಕ್ತಿನಾಥ ನೋಡುವ ಆಸೆ. ಬಿಪಿ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಕರೆದುಕೊಂಡು ಹೋಗಬಹುದೇ? ಯಾವ ತಿಂಗಳು ಒಳ್ಳೆಯದು? (ಮಾಲೂರಿನಿಂದ)

ವೈದ್ಯರು ಒಪ್ಪಿದರೆ ಕರೆದುಕೊಂಡು ಹೋಗಿ, ಆದರೆ ಅವಸರದಲ್ಲಿ ಬೇಡ. ಇಲ್ಲಿ ತೊಂದರೆ ಕೊಡುವುದು ದೂರವಲ್ಲ, ಎತ್ತರ. ನಂದಿಬೆಟ್ಟ 1,478 ಮೀಟರ್. ಕಾಠ್ಮಂಡು ಅದಕ್ಕಿಂತ ತುಸು ತಗ್ಗು, ಸುಮಾರು 1,400. ಅಲ್ಲಿ ಏನೂ ಆಗುವುದಿಲ್ಲ. ಪೋಖರಾ ಇನ್ನೂ ತಗ್ಗು, 822. ಮುಕ್ತಿನಾಥ ಸುಮಾರು 3,700 ಮೀಟರ್, ನಂದಿಬೆಟ್ಟದ ಮೇಲೆ ಇನ್ನೊಂದೂವರೆ ನಂದಿಬೆಟ್ಟ ಇಟ್ಟಂತೆ. 2,500 ದಾಟಿದ ಮೇಲೆ ಗಾಳಿ ತೆಳುವಾಗಿ ತಲೆನೋವು, ವಾಕರಿಕೆ, ಊಟ ಸೇರದಿರುವುದು ಶುರುವಾಗಬಹುದು. ವಯಸ್ಸಿಗೂ ಇದಕ್ಕೂ ಅಷ್ಟು ಸಂಬಂಧವಿಲ್ಲ, ಗಟ್ಟಿಮುಟ್ಟಾದ ಹುಡುಗರೂ ಮಲಗಿಬಿಡುತ್ತಾರೆ. ಎಷ್ಟು ಬೇಗ ಹತ್ತಿದಿರಿ ಅನ್ನುವುದೇ ಮುಖ್ಯ.

ಬೆಳಿಗ್ಗೆ ಪೋಖರಾ ಬಿಟ್ಟು, ಅದೇ ದಿನ ಮುಕ್ತಿನಾಥ ಹತ್ತಿ, ರಾತ್ರಿ ಅಲ್ಲೇ ಮಲಗಿಸುವ ಪ್ಯಾಕೇಜು ಇದ್ದರೆ ಬೇಡ ಅನ್ನಿ. ಜೋಮ್‌ಸೋಮ್ (ಸುಮಾರು 2,740 ಮೀ.) ತಲುಪಿ ರಾತ್ರಿ ಅಲ್ಲಿ ಮಲಗಿ, ಮರುದಿನ ಬೆಳಿಗ್ಗೆ ಜೀಪಿನಲ್ಲಿ ಮೇಲೆ ಹೋಗಿ ದರ್ಶನ ಮಾಡಿ, ಅಂದೇ ಕೆಳಗಿಳಿಯಿರಿ. ಜೀಪು ನಿಲ್ಲುವ ರಾಣಿಪೌವಾದಿಂದ ದೇವಸ್ಥಾನಕ್ಕೆ ನಿಧಾನವಾಗಿ ನಡೆದರೆ ಅರ್ಧ ಗಂಟೆಯ ಏರು. ಕುದುರೆ ಸಿಗುತ್ತದೆ, ಹಿರಿಯರಿಗೆ ಕುದುರೆಯೇ ಸರಿ.

108 ಧಾರೆಗಳ ಕೆಳಗೆ ಓಡುವ ಆಸೆ ಎಲ್ಲರಿಗೂ ಇರುತ್ತದೆ. ಅದು ಹಿಮ ಕರಗಿದ ನೀರು. ಬಿಪಿ ಇರುವವರು ತಲೆಯ ಮೇಲೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ಸ್ನಾನ ಮಾಡಲೇಬೇಕೆಂದು ಹಟ ಹಿಡಿದರೆ ಪಕ್ಕದಲ್ಲಿ ಒಣ ಟವೆಲು, ಉಣ್ಣೆಯ ಶಾಲು ಹಿಡಿದು ಒಬ್ಬರು ನಿಂತಿರಲಿ. ಮಾತ್ರೆಗಳು ಲಗೇಜಿನಲ್ಲಲ್ಲ, ಕೈಚೀಲದಲ್ಲಿರಲಿ. ಎತ್ತರಕ್ಕೆಂದು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಸಹಪ್ರಯಾಣಿಕರಿಂದ ಇಸಿದು ನುಂಗಿಸಬೇಡಿ, ಸಲ್ಫಾ ಅಲರ್ಜಿ ಇದ್ದವರಿಗೆ ಅದು ಆಗದು. ನಿಮ್ಮ ವೈದ್ಯರೇ ಬರೆದುಕೊಡಲಿ. ತಲೆನೋವು ಬಂದರೆ ಮುಂದೆ ಹತ್ತಬೇಡಿ. ನಡಿಗೆ ತೂರಾಡಿದರೆ, ಸುಮ್ಮನೆ ಕೂತಿದ್ದರೂ ಏದುಸಿರು ಬಂದರೆ ದರ್ಶನ ಬಾಕಿ ಇದ್ದರೂ ಆ ಕ್ಷಣವೇ ಕೆಳಗಿಳಿಸಿ. ಇಳಿಸುವುದೇ ಔಷಧ.

ಪೋಖರಾದಿಂದ ಜೋಮ್‌ಸೋಮ್‌ಗೆ ಚಿಕ್ಕ ವಿಮಾನದಲ್ಲಿ 20 ನಿಮಿಷ. ಅದೂ ಬೆಳಿಗ್ಗೆ ಮಾತ್ರ, ಏಕೆಂದರೆ ಹೊತ್ತೇರಿದಂತೆ ಕಾಳಿ ಗಂಡಕಿ ಕಣಿವೆಯಲ್ಲಿ ಗಾಳಿ ಜೋರಾಗಿ ಬೀಸುತ್ತದೆ. ಮೋಡ ಬಂದರೆ ಆ ದಿನದ ವಿಮಾನವೇ ರದ್ದು. ಆದ್ದರಿಂದ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಮರುದಿನವೇ ಬೆಂಗಳೂರಿನ ಟಿಕೆಟ್ ಮಾಡಿಸಿ ಆಮೇಲೆ ಪೇಚಾಡಬೇಡಿ. ರಸ್ತೆಯಲ್ಲಾದರೆ ಜೀಪಿನಲ್ಲಿ ಎಂಟರಿಂದ ಹತ್ತು ಗಂಟೆ, ಮೈ ತುಂಬ ಧೂಳು. ಈ ಭಾಗ ಅನ್ನಪೂರ್ಣಾ ಸಂರಕ್ಷಣಾ ಪ್ರದೇಶದೊಳಗಿದೆ. ಪ್ರವೇಶ ಪರವಾನಗಿ ಬೇಕು, ನಮ್ಮಂಥ ಸಾರ್ಕ್ ದೇಶದವರಿಗೆ ಎನ್‌ಸಿ 1,000. ಪಾಸ್‌ಪೋರ್ಟ್ ಅಳತೆಯ ಫೋಟೊ ನಾಲ್ಕು ಜೇಬಿನಲ್ಲಿರಲಿ.

ತಿಂಗಳೆಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್, ಇಲ್ಲವೇ ಮಾರ್ಚ್-ಏಪ್ರಿಲ್. ನಮ್ಮ ನವರಾತ್ರಿಯ ಹೊತ್ತಿಗೆ ಅವರ ದಶೈಂ, ಬಸ್ಸುಗಳಲ್ಲಿ ಕಾಲಿಡಲು ಜಾಗವಿರದು. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟದ ರಸ್ತೆಗೆ ಹೋಗಲೇಬೇಡಿ. 2024ರ ಜುಲೈ 12ರ ನಸುಕಿನಲ್ಲಿ ನಾರಾಯಣಘಾಟ್-ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ಜನರ ಸಮೇತ ತ್ರಿಶೂಲಿ ನದಿಗೆ ಹೋದವು. ಮಳೆಗಾಲವಲ್ಲದಿದ್ದರೂ ರಾತ್ರಿ ಬಸ್ಸು ಬೇಡ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು? ಮುದ್ದೆ ಇಲ್ಲದೆ ಮಾವನವರಿಗೆ ಹೊಟ್ಟೆ ತುಂಬುವುದಿಲ್ಲ! (ಶಿಡ್ಲಘಟ್ಟದಿಂದ)

ಮಾವನವರಿಗೆ ಶುಭವಾರ್ತೆ: ಅಲ್ಲಿ ಮುದ್ದೆ ಇದೆ, ಹೆಸರು ಢಿಂಡೋ. ಕುದಿಯುವ ನೀರಿಗೆ ಹಿಟ್ಟು ಸುರಿದು ಮರದ ಸೌಟಿನಲ್ಲಿ ಗಂಟಾಗದಂತೆ ತಿರುವುತ್ತಾರೆ. ನಮ್ಮಂತೆ ಉಂಡೆ ಕಟ್ಟುವುದಿಲ್ಲ, ತಟ್ಟೆಗೆ ಗುಪ್ಪೆಯಾಗಿ ಹಾಕುತ್ತಾರೆ. ಚೂರು ಮುರಿದು ಸಾರಿನಲ್ಲಿ ಅದ್ದಿ ನುಂಗುವುದು ಮಾತ್ರ ಥೇಟ್ ನಮ್ಮದೇ. ಸಾರು ಗುಂದ್ರುಕ್‌ನದು, ಸೊಪ್ಪನ್ನು ಹುಳಿ ಬರಿಸಿ ಒಣಗಿಸಿ ಮಾಡಿದ್ದು, ಬಸ್ಸಾರಿನ ನಾಲಿಗೆಗೆ ಮೊದಲ ತುತ್ತು ವಿಚಿತ್ರವೆನಿಸಬಹುದು. ಢಿಂಡೋ ಮೆಕ್ಕೆಜೋಳದ್ದೂ ಇರುತ್ತದೆ, ಫಾಪರ್ ಅನ್ನುವ ಧಾನ್ಯದ್ದೂ ಇರುತ್ತದೆ. ನೀವು 'ಕೋದೋಕೋ ಢಿಂಡೋ' ಎಂದು ಕೇಳಿ. ಹಿಂದಿಯಲ್ಲಿ ಕೋದೋ ಅಂದರೆ ಹಾರಕ, ನೇಪಾಳಿಯಲ್ಲಿ ಕೋದೋ ಅಂದರೆ ರಾಗಿ.

ದಿನದ ಊಟ ದಾಲ್-ಭಾತ್: ಅನ್ನ, ಬೇಳೆ, ಪಲ್ಯ, ಸೊಪ್ಪು. ಅನ್ನ, ಬೇಳೆ ಮತ್ತೆ ಮತ್ತೆ ಬಡಿಸುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಸಾಸಿವೆ ಎಣ್ಣೆಯ ಘಾಟು ಆಗದವರು ಮೊದಲೇ ಹೇಳಿ. ಫ್ರೈಡ್ ರೈಸ್, ಚೌಮಿನ್‌ಗೆ ಮೊಟ್ಟೆ ಕೇಳದೆಯೇ ಬೀಳುತ್ತದೆ. ಮೆನುವಿನಲ್ಲಿ 'ಬಫ್' ಎಂದಿದ್ದರೆ ಎಮ್ಮೆ, ಕೋಣದ ಮಾಂಸ. 'ದನದ್ದು ಬೇಡ' ಎಂದಷ್ಟೇ ಹೇಳಿದರೆ ಅದನ್ನೇ ತಂದಿಡಬಹುದು, ಏಕೆಂದರೆ ಅವರ ಲೆಕ್ಕದಲ್ಲಿ ಅದು ದನವಲ್ಲ. ವೆಜ್ ಮೊಮೊ ಬೇಯುವ ಪಾತ್ರೆಯೂ ಬೇರೆಯಾಗಿರಬೇಕು ಅನ್ನುವವರು ಶುದ್ಧ ಶಾಕಾಹಾರಿ ಫಲಕವಿರುವ ಮಾರವಾಡಿ ಭೋಜನಾಲಯ ಹುಡುಕಿ.

ಪ್ರಶ್ನೆ: ಮೊಬೈಲ್ ಸಿಮ್ ಹೇಗೆ? (ಕುಣಿಗಲ್‌ನಿಂದ)

ರೋಮಿಂಗ್ ಹಾಕಿಸದಿದ್ದರೆ ನಮ್ಮ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ. ಎನ್‌ಸೆಲ್ ಅಥವಾ ನೇಪಾಳ ಟೆಲಿಕಾಂ ಸಿಮ್ ಕೊಳ್ಳಿ, ಗುರುತಿನ ದಾಖಲೆ ಮತ್ತು ಫೋಟೊ ಕೇಳುತ್ತಾರೆ. ಅದನ್ನು ಎರಡನೇ ಸ್ಲಾಟಿಗೆ ಹಾಕಿ. ಬ್ಯಾಂಕಿಗೆ ಜೋಡಿಸಿದ ನಮ್ಮ ಸಿಮ್ಮನ್ನು ಮಾತ್ರ ತೆಗೆಯಬೇಡಿ. ತೆಗೆದರೆ ಯುಪಿಐ ಆ್ಯಪ್ ಮತ್ತೆ ನೋಂದಣಿ ಕೇಳುತ್ತದೆ, ಅದಕ್ಕೆ ನಮ್ಮ ನಂಬರಿನಿಂದ ಎಸ್ಎಂಎಸ್ ಹೋಗಬೇಕು, ರೋಮಿಂಗ್ ಇಲ್ಲದೆ ಅದು ಹೋಗುವುದಿಲ್ಲ. ಅಲ್ಲಿಗೆ ದುಡ್ಡಿನ ದಾರಿ ಬಂದ್. ನೇಪಾಳದ ಕೋಡ್ 977. ಪೊಲೀಸ್ 100, ಆಂಬುಲೆನ್ಸ್ 102, ಪ್ರವಾಸಿ ಪೊಲೀಸ್ 1144.

ಪ್ರಶ್ನೆ: ಸ್ವಂತ ಕಾರಿನಲ್ಲಿ ಹೋಗಬಹುದೇ? (ಮುಳಬಾಗಿಲಿನಿಂದ)

ಹೋಗಬಹುದು. ಗಡಿಗೇ ಎರಡು ಸಾವಿರ ಕಿ.ಮೀ. ಆಗುತ್ತದೆ, ಇಬ್ಬರು ಚಾಲಕರಿರಲಿ. ಗಡಿ ದಾಟಿದ ಕೂಡಲೇ ನೇಪಾಳದ ಕಸ್ಟಮ್ಸ್‌ನಲ್ಲಿ 'ಭನ್ಸಾರ್' ಚೀಟಿ ಮಾಡಿಸಬೇಕು. ಶುಲ್ಕ ದಿನದ ಲೆಕ್ಕ. ಮೂಲ ಆರ್‌ಸಿ, ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರ ಬೇಕು. ಕಾರು ನಿಮ್ಮ ಹೆಸರಿನಲ್ಲಿಲ್ಲದಿದ್ದರೆ ಮಾಲೀಕರ ಒಪ್ಪಿಗೆ ಪತ್ರ ಜತೆಗಿರಲಿ. ಹೆಚ್ಚಿನವರು ಮರೆಯುವುದು ವಿಮೆಯನ್ನು: ನಮ್ಮ ಪಾಲಿಸಿ ಭಾರತದೊಳಗಷ್ಟೇ ನಡೆಯುತ್ತದೆ. ಹೊರಡುವ ಮೊದಲು ವಿಮಾ ಕಂಪನಿಗೆ ಹೆಚ್ಚುವರಿ ಕಂತು ಕಟ್ಟಿ ನೇಪಾಳಕ್ಕೂ ವಿಸ್ತರಿಸಿಕೊಂಡು, ಪಾಲಿಸಿಯಲ್ಲಿ ಹಾಗೆಂದು ಬರೆಸಿಕೊಳ್ಳಿ. ಕುಡಿದು ಓಡಿಸುವವರ ಮೇಲೆ ಅಲ್ಲಿನ ಪೊಲೀಸರು ಬಹಳ ಬಿಗಿ. ಸುನೌಲಿಯಲ್ಲಿ ಲಾರಿಗಳ ಸಾಲು ಬೆಳೆಯುವ ಮುಂಚೆ, ಬೆಳಿಗ್ಗೆ ಬೇಗ ಗಡಿ ತಲುಪಿ. ಭನ್ಸಾರ್ ಮಾಡಿಸುವಾಗ ಒಂದೆರಡು ದಿನ ಹೆಚ್ಚೇ ಕಟ್ಟಿ: ರಸ್ತೆ ಕುಸಿದು ತಡವಾದರೂ ಅವಧಿ ಮೀರಿದ್ದಕ್ಕೆ ದಂಡ ಬೀಳುತ್ತದೆ, ಅದು ಆ ಎರಡು ದಿನದ ಶುಲ್ಕಕ್ಕಿಂತ ದುಬಾರಿ.